ಸಿ. ಎಸ್. ಲೂಯಿಸ್ ಕೊನೆಯ ವರ್ಷಗಳಲ್ಲಿ ನಂಬಿಕೆ ಕಳೆದುಕೊಂಡರೇ? ಯಾವ ಪುಸ್ತಕದಿಂದ ಶುರು ಮಾಡಬೇಕು?

ಓದುವಹುಳು (ಪ್ರಶ್ನೆ)

ನಾರ್ನಿಯಾ ಕಥೆಗಳನ್ನೂ ಕ್ರೈಸ್ತ ನಂಬಿಕೆಯ ಪರವಾದ ಪುಸ್ತಕಗಳನ್ನೂ ಇಂಗ್ಲಿಷಿನಲ್ಲಿ ಬರೆದ ಸಿ. ಎಸ್. ಲೂಯಿಸ್ ಅವರ ಕೊನೆಯ ಹನ್ನೆರಡು ಹದಿಮೂರು ವರ್ಷಗಳ ಬಗ್ಗೆ ಒಂದಕ್ಕೊಂದು ತಾಳೆಯಾಗದ ಮಾತುಗಳು ಕೇಳಿಬರುತ್ತವೆ. 1948ರಲ್ಲಿ ತತ್ತ್ವಶಾಸ್ತ್ರಜ್ಞೆ ಎಲಿಜಬೆತ್ ಆನ್ಸ್‌ಕಮ್ ಎದುರು ಚರ್ಚೆಯಲ್ಲಿ ಸೋತು, ನಂಬಿಕೆಯ ಪರ ವಾದ ಮಾಡುವುದನ್ನೇ ಬಿಟ್ಟು ಮಕ್ಕಳ ಕಥೆಗಳ ಕಡೆ ಹೊರಳಿದರು ಅನ್ನುತ್ತಾರೆ ಕೆಲವರು. 1960ರಲ್ಲಿ ಹೆಂಡತಿ ಜಾಯ್ ತೀರಿಕೊಂಡ ಮೇಲೆ ನಂಬಿಕೆಯೇ ಕುಸಿದುಬಿತ್ತು, 'ಎ ಗ್ರೀಫ್ ಅಬ್ಸರ್ವ್ಡ್' ಪುಸ್ತಕವೇ ಅದಕ್ಕೆ ಸಾಕ್ಷಿ ಅನ್ನುತ್ತಾರೆ ಇನ್ನು ಕೆಲವರು. ಸಾಯುವ ಮುಂಚೆ ಒಳಗೊಳಗೇ ಕ್ಯಾಥೊಲಿಕ್ ಆಗಿಬಿಟ್ಟಿದ್ದರು ಎಂಬ ಮಾತೂ ಇದೆ.

'ಮಿಯರ್ ಕ್ರಿಶ್ಚಿಯಾನಿಟಿ' ಮತ್ತು ನಾರ್ನಿಯಾ ಓದಿ ಮುಗಿಸಿದವರು ಈ ಕೊನೆಯ ಕಾಲವನ್ನು ಸರಿಯಾಗಿ ತಿಳಿದುಕೊಳ್ಳಬೇಕಾದರೆ ಯಾವ ಕ್ರಮದಲ್ಲಿ ಓದಬೇಕು? ಲೂಯಿಸ್ ಮತ್ತು ಜಾಯ್ ಅವರ ಕಥೆ ಹೇಳುವ 'ಶ್ಯಾಡೋಲ್ಯಾಂಡ್ಸ್' ಸಿನಿಮಾವನ್ನು ಎಷ್ಟರ ಮಟ್ಟಿಗೆ ನೆಚ್ಚಬಹುದು? ಸಾಮಾನ್ಯವಾಗಿ ಓದುಗರು ಎಲ್ಲಿ ಎಡವುತ್ತಾರೆ? ತಾರೀಖುಗಳ ಸಮೇತ ಯಾರಾದರೂ ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಹಳೆಪುಟ

ಈ ವಿಷಯದಲ್ಲಿ ಮೊದಲು ತಾರೀಖುಗಳನ್ನು ಸರಿಯಾಗಿ ಕೂರಿಸಿಕೊಳ್ಳಬೇಕು. ಪುಸ್ತಕ ಬರೆದದ್ದು ಯಾವಾಗ, ಅಚ್ಚಾದದ್ದು ಯಾವಾಗ, ಅದರ ಹಿಂದಿನ ಘಟನೆ ನಡೆದದ್ದು ಯಾವಾಗ, ಈ ಮೂರೂ ಕಲಸಿಹೋದರೆ ನೀವು ಹೇಳಿದಂಥ ಕಥೆಗಳು ತಾವಾಗಿಯೇ ಹುಟ್ಟಿಕೊಳ್ಳುತ್ತವೆ.

1951ರ ಜನವರಿಯಲ್ಲಿ ಶ್ರೀಮತಿ ಮೂರ್ ತೀರಿಕೊಂಡರು. ಮೊದಲ ಮಹಾಯುದ್ಧದಲ್ಲಿ ಸತ್ತ ಗೆಳೆಯನ ತಾಯಿ ಈಕೆ. ಮೂವತ್ತು ವರ್ಷದಷ್ಟು ಕಾಲ ಲೂಯಿಸ್ ಈಕೆಯ ಸಂಸಾರದ ಭಾರ ಹೊತ್ತಿದ್ದರು. ಅಲ್ಲಿಂದ ಮುಂದಿನದನ್ನು ಅವರ ಬದುಕಿನ ಕೊನೆಯ ಭಾಗ ಎಂದು ಲೆಕ್ಕ ಹಿಡಿಯಬಹುದು. 1952ರ ಸೆಪ್ಟೆಂಬರಿನಲ್ಲಿ ಆಕ್ಸ್‌ಫರ್ಡಿನ ಈಸ್ಟ್‌ಗೇಟ್ ಹೋಟೆಲಿನಲ್ಲಿ ಜಾಯ್ ಡೇವಿಡ್‌ಮನ್ ಅವರ ಮೊದಲ ಭೇಟಿ. ಆಕೆ ನ್ಯೂಯಾರ್ಕಿನ ಯಹೂದಿ ಮನೆತನದವರು, ಒಂದು ಕಾಲಕ್ಕೆ ಕಮ್ಯುನಿಸ್ಟ್ ಪಕ್ಷದಲ್ಲಿದ್ದವರು, ಆಮೇಲೆ ಕ್ರೈಸ್ತರಾದವರು, ಸ್ವತಃ ಕವಿ. 1954ರಲ್ಲಿ ಲೂಯಿಸ್ ಆಕ್ಸ್‌ಫರ್ಡಿನ 29 ವರ್ಷಗಳ ಕೆಲಸ ಬಿಟ್ಟು ಕೇಂಬ್ರಿಡ್ಜಿನಲ್ಲಿ ಮಧ್ಯಯುಗ ಮತ್ತು ರೆನೆಸಾನ್ಸ್ ಸಾಹಿತ್ಯದ ಪ್ರಾಧ್ಯಾಪಕ ಪೀಠ ಒಪ್ಪಿಕೊಂಡರು. ಮನೆ ಮಾತ್ರ ಆಕ್ಸ್‌ಫರ್ಡ್ ಬಳಿಯ ಹೆಡಿಂಗ್‌ಟನ್ನಿನ 'ದಿ ಕಿಲ್ನ್ಸ್' ಆಗಿಯೇ ಉಳಿಯಿತು. ಪಾಠದ ದಿನಗಳು ಕೇಂಬ್ರಿಡ್ಜಿನಲ್ಲಿ, ವಾರದ ಕೊನೆ ಮತ್ತು ರಜೆ ಮನೆಯಲ್ಲಿ.

ಮದುವೆ ಎರಡು ಸಲ ನಡೆಯಿತು, ಇದನ್ನು ಬಿಡಿಸಿಯೇ ಇಟ್ಟುಕೊಳ್ಳಿ. 23 ಏಪ್ರಿಲ್ 1956ರಂದು ಆಕ್ಸ್‌ಫರ್ಡಿನ ರಿಜಿಸ್ಟ್ರಾರ್ ಕಚೇರಿಯಲ್ಲಿ ನಡೆದದ್ದು ಕಾನೂನಿನ ಮದುವೆ. ಜಾಯ್ ಮತ್ತು ಅವರ ಇಬ್ಬರು ಗಂಡುಮಕ್ಕಳು ಬ್ರಿಟನ್ನಿನಲ್ಲಿ ಉಳಿಯಲು ಅನುಮತಿ ಮುಂದುವರಿಯದೆ ಇದ್ದದ್ದರಿಂದ ಅದು ನಡೆಯಿತು. ಇಬ್ಬರೂ ಬೇರೆ ಬೇರೆ ಮನೆಗಳಲ್ಲೇ ಇದ್ದರು. ಅದೇ ವರ್ಷ ಅಕ್ಟೋಬರಿನಲ್ಲಿ ಜಾಯ್ ಮನೆಯಲ್ಲೇ ಎಡವಿ ಬಿದ್ದು ತೊಡೆಯ ಮೂಳೆ ಮುರಿಯಿತು. ಕ್ಯಾನ್ಸರ್ ಮೂಳೆಯನ್ನು ತಿಂದುಹಾಕಿತ್ತು ಎಂದು ಆಗಲೇ ಗೊತ್ತಾದದ್ದು. ಲೂಯಿಸ್ ಸಭೆಯ (ಚರ್ಚಿನ) ಮದುವೆ ಬೇಕೆಂದು ಕೇಳಿದರು. ವಿಚ್ಛೇದನ ಆದವರ ಹಿಂದಿನ ಸಂಗಾತಿ ಬದುಕಿದ್ದರೆ ಇಂಗ್ಲೆಂಡ್ ಸಭೆ ಆಗ ಮರುಮದುವೆ ಮಾಡಿಸುತ್ತಿರಲಿಲ್ಲ, ಜಾಯ್ ಅವರ ಹಿಂದಿನ ಗಂಡ ಬಿಲ್ ಗ್ರೆಶಮ್ ಬದುಕಿದ್ದರು. ಗ್ರೆಶಮ್‌ಗೇ ಮೊದಲೊಂದು ಮದುವೆಯಾಗಿತ್ತು, ಆದ್ದರಿಂದ ಜಾಯ್ ಜೊತೆಗಿನದು ಸಭೆಯ ಲೆಕ್ಕದಲ್ಲಿ ಮದುವೆಯೇ ಅಲ್ಲ ಎಂಬ ವಾದವನ್ನು ಲೂಯಿಸ್ ಮುಂದಿಟ್ಟರು. ಆಕ್ಸ್‌ಫರ್ಡಿನ ಬಿಷಪ್ ಒಪ್ಪಲಿಲ್ಲ. ಕೊನೆಗೆ 21 ಮಾರ್ಚ್ 1957ರಂದು ಲೂಯಿಸರ ಹಳೆಯ ಶಿಷ್ಯ, ಪಾದ್ರಿ ಪೀಟರ್ ಬೈಡ್, ಚರ್ಚಿಲ್ ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲೇ ಮದುವೆ ಮಾಡಿಸಿದರು. ಬೈಡ್ ಬಂದದ್ದು ರೋಗಿಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಲು. ಅದನ್ನೂ ಮಾಡಿದರು.

ಆಮೇಲೆ ಆದದ್ದನ್ನು ಯಾರೂ ನಿರೀಕ್ಷಿಸಿರಲಿಲ್ಲ. ಜಾಯ್ ಚೇತರಿಸಿಕೊಂಡರು. ವರ್ಷದ ಕೊನೆಗೆ ಕೋಲು ಹಿಡಿದು ನಡೆಯುತ್ತಿದ್ದರು, 1958ರಲ್ಲಿ ಇಬ್ಬರೂ ಐರ್ಲೆಂಡಿಗೆ ಹೋಗಿಬಂದರು. 1959ರ ಅಕ್ಟೋಬರಿನ ತಪಾಸಣೆಯಲ್ಲಿ ಕ್ಯಾನ್ಸರ್ ಮರಳಿದ್ದು ಕಂಡಿತು. 1960ರ ಏಪ್ರಿಲ್‌ನಲ್ಲಿ, ಆ ಸ್ಥಿತಿಯಲ್ಲೇ, ಗ್ರೀಸ್ ಪ್ರವಾಸ. 13 ಜುಲೈ 1960ರಂದು ಜಾಯ್ ತೀರಿಕೊಂಡರು, ವಯಸ್ಸು 45.

ಸಿನಿಮಾದ ವಿಷಯ. 1993ರ ಚಿತ್ರದಲ್ಲಿ ಒಬ್ಬನೇ ಮಗ, ನಿಜದಲ್ಲಿ ಡೇವಿಡ್ ಮತ್ತು ಡಗ್ಲಸ್ ಇಬ್ಬರು. ಗ್ರೀಸ್ ಪ್ರವಾಸ ಇಲ್ಲ. ದೊಡ್ಡ ತೊಂದರೆ ಮಾತ್ರ ಬೇರೆ: ನೋವನ್ನೇ ಕಾಣದ ಮೇಷ್ಟ್ರೊಬ್ಬರು ನೋವಿನ ಮೇಲೆ ಭಾಷಣ ಮಾಡುತ್ತಾ ಇದ್ದು, ಹೆಂಡತಿ ಸತ್ತಾಗ ಮೊದಲ ಸಲ ಪೆಟ್ಟು ತಿಂದರು ಎಂಬ ಚಿತ್ರ ಮನಸ್ಸಿನಲ್ಲಿ ಉಳಿಯುತ್ತದೆ. ಒಂಬತ್ತನೇ ವಯಸ್ಸಿನಲ್ಲಿ ತಾಯಿಯನ್ನು ಇದೇ ಕ್ಯಾನ್ಸರಿಗೆ ಕಳೆದುಕೊಂಡವರು ಲೂಯಿಸ್, ಕಂದಕದಲ್ಲಿ ಯುದ್ಧ ಮಾಡಿ ಗಾಯಗೊಂಡವರು. ನಟನೆಗಾಗಿ ಸಿನಿಮಾ ನೋಡಿ, ಜೀವನಚರಿತ್ರೆಗಾಗಿ ಬೇಡ.

ಅಂಚುಟಿಪ್ಪಣಿ

ಹಳೆಪುಟ ಅವರು ಚೌಕಟ್ಟು ಕೊಟ್ಟಿದ್ದಾರೆ. ಓದಿನ ಕ್ರಮ ನಾನು ಹೇಳುತ್ತೇನೆ. 'ಎ ಗ್ರೀಫ್ ಅಬ್ಸರ್ವ್ಡ್' ಪುಸ್ತಕದಿಂದ ಶುರು ಮಾಡಬೇಡಿ. ಹೆಚ್ಚಿನವರು ಹಾಗೆ ಶುರು ಮಾಡುತ್ತಾರೆ, ಅದಕ್ಕೇ ಅದು ಏಕಾಏಕಿ ಬಿದ್ದ ಸಿಡಿಲಿನಂತೆ ಕಾಣುತ್ತದೆ.

ಮೊದಲು ಎರಡು ಚಿಕ್ಕ ಬರಹ. 8 ಡಿಸೆಂಬರ್ 1953ರಂದು ಲೂಯಿಸ್ ಆಕ್ಸ್‌ಫರ್ಡಿನ ಪಾದ್ರಿಗಳ ಕೂಟವೊಂದರಲ್ಲಿ ಬೇಡಿಕೆಯ ಪ್ರಾರ್ಥನೆಯ ಬಗ್ಗೆ ಒಂದು ಪ್ರಬಂಧ ಓದಿದರು. ಹೊಸ ಒಡಂಬಡಿಕೆಯಲ್ಲಿ ಪ್ರಾರ್ಥನೆಗೆ ಎರಡು ಮಾದರಿಗಳಿವೆ ಎನ್ನುತ್ತಾರೆ. ಒಂದು, ನಿನ್ನ ಚಿತ್ತದಂತೆ ಆಗಲಿ ಎಂದು ಬಿಟ್ಟುಕೊಡುವುದು. ಇನ್ನೊಂದು, ಕೇಳಿದ್ದು ಸಿಕ್ಕೇ ಸಿಕ್ಕಿದೆ ಎಂದು ನಂಬಿ ಕೇಳುವುದು. ಒಂದೇ ಹೊತ್ತಿಗೆ ಎರಡೂ ಹೇಗೆ ಸಾಧ್ಯ? ಉತ್ತರ ತಮ್ಮಲ್ಲಿಲ್ಲ ಎಂದು ಒಪ್ಪಿಕೊಂಡು, ಈ ರಾತ್ರಿ ನಾನು ಹೇಗೆ ಪ್ರಾರ್ಥಿಸಲಿ ಎಂದು ಪಾದ್ರಿಗಳನ್ನೇ ಕೇಳಿ ಪ್ರಬಂಧ ಮುಗಿಸುತ್ತಾರೆ. ಜಾಯ್ ಕಾಯಿಲೆ ಗೊತ್ತಾಗುವುದಕ್ಕೆ ಸುಮಾರು ಮೂರು ವರ್ಷ ಮುಂಚಿನ ಮಾತು ಇದು. ಎಲ್ಲಕ್ಕೂ ಉತ್ತರ ಇಟ್ಟುಕೊಂಡಿದ್ದ ಮನುಷ್ಯ 1960ರಲ್ಲಿ ಮುರಿದುಬಿದ್ದ ಅನ್ನುವ ಕಥೆ ಇಲ್ಲೇ ನಿಲ್ಲುವುದಿಲ್ಲ.

ಎರಡನೆಯದು 1959ರ ಜನವರಿಯಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಬಂದ 'ದಿ ಎಫಿಕಸಿ ಆಫ್ ಪ್ರೇಯರ್'. ಕೆಲವೇ ಪುಟ, ನಿಧಾನವಾಗಿ ಓದಿ. ಅದರಲ್ಲಿ ಒಬ್ಬ ಹೆಂಗಸಿನ ಪ್ರಸ್ತಾಪ ಬರುತ್ತದೆ. ತೊಡೆಯ ಮೂಳೆ ಕ್ಯಾನ್ಸರಿಗೆ ತುತ್ತಾಗಿದೆ, ಬೇರೆ ಮೂಳೆಗಳಿಗೂ ಹರಡಿದೆ, ಹಾಸಿಗೆಯಲ್ಲಿ ಹೊರಳಿಸಲೂ ಮೂರು ಜನ ಬೇಕು. ಡಾಕ್ಟರುಗಳು ಕೆಲವು ತಿಂಗಳು ಅನ್ನುತ್ತಾರೆ, ನರ್ಸುಗಳು ಕೆಲವು ವಾರ ಅನ್ನುತ್ತಾರೆ. ಒಬ್ಬರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ವರ್ಷದ ನಂತರ ಆಕೆ ಕಾಡಿನ ಏರುದಾರಿಯಲ್ಲಿ ನಡೆಯುತ್ತಿದ್ದಾಳೆ, ಎಕ್ಸ್‌ರೇ ನೋಡಿದವರು ಮೂಳೆ ಬಂಡೆಯಂತೆ ಗಟ್ಟಿಯಾಗಿದೆ ಅನ್ನುತ್ತಾರೆ. ಹೆಸರು ಹೇಳಿಲ್ಲ, ಆದರೆ ಅದು ಜಾಯ್ ಎಂದು ಈಗ ಎಲ್ಲರಿಗೂ ಗೊತ್ತು. ಇಷ್ಟು ಹೇಳಿದ ಮರುಕ್ಷಣವೇ, ಇದರಿಂದ ಪ್ರಾರ್ಥನೆ ಫಲಿಸುತ್ತದೆ ಎಂದು ಕಟ್ಟುನಿಟ್ಟಾಗಿ ಸಾಧಿಸಲಾಗದು ಎನ್ನುತ್ತಾರೆ ಲೂಯಿಸ್. ಪ್ರಾರ್ಥನೆ ಬೇಡಿಕೆ, ಯಂತ್ರದ ಗುಂಡಿಯಲ್ಲ. ಬೇಡಿಕೆಯನ್ನು ನಿರಾಕರಿಸಲೂ ಬಹುದು, ಬಂಧನಕ್ಕೆ ಮುಂಚೆ ಗೆತ್ಸೆಮನೆ ತೋಟದಲ್ಲಿ ಕ್ರಿಸ್ತನ ಬೇಡಿಕೆಯೇ ನಿರಾಕರಣೆಯಾಯಿತು. ಹೆಂಡತಿ ಮಗ್ಗುಲಲ್ಲಿ ಓಡಾಡಿಕೊಂಡಿದ್ದಾಗ ಬರೆದ ಮಾತು ಇದು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾಯಿಲೆ ಮರುಕಳಿಸಿತು.

ಆಮೇಲೆ 1958ರ 'ರಿಫ್ಲೆಕ್ಷನ್ಸ್ ಆನ್ ದ ಸಾಮ್ಸ್'. ಬೈಬಲಿನ ಕೀರ್ತನೆಗಳ ಮೇಲಿನ 12 ಅಧ್ಯಾಯಗಳ ಈ ಪುಸ್ತಕವನ್ನು ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೆ 4, 9 ಮತ್ತು 11 ಸಾಕು. ನಾಲ್ಕನೆಯದು ಸಾವಿನ ಬಗ್ಗೆ. ಹಳೆಯ ಇಸ್ರಾಯೇಲರಿಗೆ ಪರಲೋಕದ ಭರವಸೆ ಹೆಚ್ಚುಕಡಿಮೆ ಇರಲಿಲ್ಲ, ದೇವರನ್ನು ದೇವರಿಗಾಗಿಯೇ ಬಯಸುವುದನ್ನು ಮೊದಲು ಕಲಿಸಿ ಆಮೇಲೆ ಆ ಭರವಸೆ ಕೊಟ್ಟದ್ದು ಸರಿಯಾದ ಕ್ರಮವೇ ಎಂಬುದು ಅಲ್ಲಿನ ವಾದ. ಒಂಬತ್ತನೆಯದು ಸ್ತುತಿಯ ಬಗ್ಗೆ: ಆನಂದ ತುಂಬಿದಾಗ ಹೊಗಳಿಕೆ ತಾನಾಗಿ ಹೊರಬರುತ್ತದೆ, ಹೊಗಳಿದಾಗಲೇ ಆ ಆನಂದ ಪೂರ್ತಿಯಾಗುತ್ತದೆ. ಈ ಎರಡು ಅಧ್ಯಾಯಗಳನ್ನು ತಲೆಯಲ್ಲಿಟ್ಟುಕೊಂಡು ಮುಂದಿನ ಪುಸ್ತಕಕ್ಕೆ ಹೋಗಿ. ಅಲ್ಲಿ ಅವೇ ಎರಡು ವಿಚಾರಗಳು ಹೆಪ್ಪುಗಟ್ಟಿದ ನೋವಿನ ಕೆಳಗಿನಿಂದ ಮತ್ತೆ ಮೇಲೇಳುವುದು ಕಾಣುತ್ತದೆ.

ಈಗ 'ಎ ಗ್ರೀಫ್ ಅಬ್ಸರ್ವ್ಡ್'. ಇದು ನಾಲ್ಕು ಭಾಗದ ಪುಸ್ತಕ. ಮನೆಯಲ್ಲಿ ಸಿಕ್ಕ ನಾಲ್ಕು ಖಾಲಿ ನೋಟುಬುಕ್ಕುಗಳಲ್ಲಿ ಬರೆದದ್ದು ಇದು, ನಾಲ್ಕನೆಯದು ಮುಗಿದರೆ ಹೊಸದನ್ನು ಕೊಂಡು ಬರೆಯುವುದಿಲ್ಲ ಎಂದು ಅವರೇ ಅದರಲ್ಲಿ ಹೇಳಿಕೊಳ್ಳುತ್ತಾರೆ. ನೂರು ಪುಟವೂ ಇಲ್ಲ. ಒಂದೇ ಕೂತಲ್ಲಿ ಓದಿ. ಬಿಡಿಬಿಡಿಯಾಗಿ ಓದಿದವರೇ ಇದನ್ನು ಹೆಚ್ಚು ತಪ್ಪು ತಿಳಿದಿರುವುದು.

ತಪ್ಪು ಆಗುವುದು ಹೀಗೆ. ಮೊದಲ ಭಾಗದಲ್ಲಿ, ಅಗತ್ಯ ಬಿದ್ದಾಗ ದೇವರ ಬಾಗಿಲು ಮುಖಕ್ಕೆ ರಪ್ಪನೆ ಮುಚ್ಚಿಕೊಂಡಿತು, ಒಳಗಿನಿಂದ ಅಗಳಿ ಹಾಕಿದ ಸದ್ದು ಕೇಳಿತು ಎಂಬ ಮಾತು ಬರುತ್ತದೆ. ಎರಡನೆಯದರಲ್ಲಿ ದೇವರು ಹಿಂಸೆಯಲ್ಲಿ ಸುಖಪಡುವವನೇ ಇರಬಹುದೇ ಎಂಬ ಪ್ರಶ್ನೆ. ಇವೆರಡನ್ನು ಕತ್ತರಿಸಿ ಎಲ್ಲೆಡೆ ಹಂಚುತ್ತಾರೆ. ಆದರೆ ಅದೇ ಎರಡನೆಯ ಭಾಗದಲ್ಲಿ, ನಿನ್ನೆ ರಾತ್ರಿ ಬರೆದದ್ದು ವಿಚಾರವಲ್ಲ, ಕಿರುಚಾಟ ಎಂದು ಅವರೇ ತಿದ್ದಿಕೊಳ್ಳುತ್ತಾರೆ. ಮೂರನೆಯದರಲ್ಲಿ ಒಂದು ಬೆಳಗ್ಗೆ ಮನಸ್ಸು ಹಗುರಾಗುತ್ತದೆ, ಅಳು ಕಡಿಮೆಯಾದ ಹೊತ್ತಿನಲ್ಲೇ ಹೆಂಡತಿಯ ನೆನಪು ಹೆಚ್ಚು ಸ್ಪಷ್ಟವಾಗುತ್ತದೆ. ಆಗ ಬಾಗಿಲಿನ ಮಾತು ವಾಪಸ್ ಬರುತ್ತದೆ: ಬಾಗಿಲು ಮುಚ್ಚಿದ್ದು ನನ್ನದೇ ಕಂಗೆಟ್ಟ ಹಪಾಹಪಿ ಇರಬಹುದೇ? ನಾಲ್ಕನೆಯದರಲ್ಲಿ ಅವರಿಗೆ ಸಿಗುವುದು ಉತ್ತರವಲ್ಲ. ಅದು ಇನ್ನೊಂದು ಬಗೆಯ ಮೌನ, ಅಗಳಿ ಹಾಕಿದ ಬಾಗಿಲಲ್ಲ, ಕರುಣೆಯಿಂದ ನೋಡುವ ನೋಟದಂಥದ್ದು. ಅದೇ ಭಾಗದಲ್ಲಿ ಸ್ತುತಿಯ ವಿಚಾರ ಬರುತ್ತದೆ, ದೇವರನ್ನು ಹೆಂಡತಿಯ ಬಳಿ ಹೋಗುವ ದಾರಿಯಾಗಿ ಬಳಸಿದರೆ ಅದು ದೇವರ ಬಳಿ ಹೋದಂತಲ್ಲ ಎಂಬ ಮಾತೂ ಬರುತ್ತದೆ. ಕೀರ್ತನೆಗಳ ಪುಸ್ತಕದ 9 ಮತ್ತು 4ನೇ ಅಧ್ಯಾಯಗಳೇ ಇವು. ಎರಡು ವರ್ಷ ಹಿಂದೆ ಮೇಜಿನ ಮುಂದೆ ಕೂತು ಬರೆದದ್ದನ್ನು ಈಗ ಮೈಮೇಲೆ ಹಾದು ಪರೀಕ್ಷಿಸಿದ್ದಾರೆ, ಕೈಬಿಟ್ಟಿಲ್ಲ.

ಇನ್ನೊಂದು ವಾಕ್ಯವನ್ನು ಗಮನಿಸದೆ ಮುಂದೆ ಹೋಗಬೇಡಿ. ದೇವರಿದ್ದಾನೆ ಎಂಬ ನಂಬಿಕೆ ಹೋಗಿಬಿಡುವ ಅಪಾಯ ತಮಗಿಲ್ಲ, ದೇವರು ಇಂಥ ಭಯಂಕರನೇ ಎಂದು ನಂಬಿಬಿಡುವ ಅಪಾಯವಿದೆ ಎಂದು ಮೊದಲ ಭಾಗದಲ್ಲೇ ಬರೆದಿದ್ದಾರೆ. ಪುಸ್ತಕದ ಪ್ರಶ್ನೆ ಅದು. ನಂಬಿಕೆ ಹೋಯಿತೇ ಉಳಿಯಿತೇ ಎಂದು ಹುಡುಕುತ್ತಾ ಓದಿದರೆ ಪುಸ್ತಕ ಕೇಳದೇ ಇರುವ ಪ್ರಶ್ನೆಗೆ ಉತ್ತರ ಹುಡುಕಿದಂತಾಗುತ್ತದೆ.

ಆವೃತ್ತಿಯ ಬಗ್ಗೆ: 1961ರಲ್ಲಿ ಫೇಬರ್ ಸಂಸ್ಥೆ ಇದನ್ನು ಎನ್. ಡಬ್ಲ್ಯು. ಕ್ಲರ್ಕ್ ಎಂಬ ಹೆಸರಿನಲ್ಲಿ ತಂದಿತು, ಲೂಯಿಸ್ ಹೆಸರಿನಲ್ಲಿ ಬಂದದ್ದು ಅವರು ತೀರಿಕೊಂಡ ಮೇಲೆ, 1964ರಲ್ಲಿ. ಒಳಗೆ ಹೆಂಡತಿ ಬರೀ 'ಎಚ್.' ಜಾಯ್ ಅವರ ಪೂರ್ತಿ ಹೆಸರು ಹೆಲೆನ್ ಜಾಯ್. ಮುನ್ನುಡಿ ಇರುವ ಆವೃತ್ತಿ ಸಿಕ್ಕಿದರೆ ಮುನ್ನುಡಿಯನ್ನು ಕೊನೆಗೆ ಓದಿ.

ಪ್ರಶ್ನಾರ್ಥಕ

ಅಂಚುಟಿಪ್ಪಣಿ ಅವರೇ, ನಿಮ್ಮ ಕ್ರಮ ಚೆನ್ನಾಗಿದೆ, ಆದರೆ ಎದುರು ಪಕ್ಷಕ್ಕೂ ಬಲವಾದ ವಾದವಿದೆ, ಅದನ್ನು ಓದುಗರ ಮುಂದಿಡಬೇಕು. ಜಾನ್ ಬೆವರ್‌ಸ್ಲೂಯಿಸ್ 1985ರಲ್ಲಿ ಲೂಯಿಸರ ವಾದಗಳ ಮೇಲೆ ಒಂದು ಇಡೀ ಪುಸ್ತಕ ಬರೆದರು. ಅವರ ಆಕ್ಷೇಪದ ತಿರುಳು ಇದು: 1940ರ 'ದ ಪ್ರಾಬ್ಲಮ್ ಆಫ್ ಪೇನ್'ನಲ್ಲಿ ಲೂಯಿಸ್, ದೇವರ ಒಳ್ಳೆಯತನ ನಮ್ಮ ಒಳ್ಳೆಯತನಕ್ಕಿಂತ ಪೂರ್ತಿ ಬೇರೆಯಾಗಿದ್ದರೆ 'ದೇವರು ಒಳ್ಳೆಯವನು' ಎಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ ಎಂದಿದ್ದರು. 1961ರ ಪುಸ್ತಕದ ಕೊನೆಯಲ್ಲಿ, ದೇವರು ಮಾಡಿದ್ದೇ ಒಳ್ಳೆಯದು, ನಮಗೆ ಅರ್ಥವಾಗುವುದಿಲ್ಲ ಅಷ್ಟೆ ಎಂಬಲ್ಲಿಗೆ ಬಂದು ನಿಲ್ಲುತ್ತಾರೆ. ಹಾಗಾದರೆ ಮೊದಲಿನ ಷರತ್ತನ್ನು ಸದ್ದಿಲ್ಲದೆ ಕೈಬಿಟ್ಟಂತಾಯಿತಲ್ಲ? ನಂಬಿಕೆ ಉಳಿಯಿತು ಎಂದೇ ಇಟ್ಟುಕೊಳ್ಳೋಣ, ಯಾವ ಬೆಲೆಗೆ ಉಳಿಯಿತು ಎಂಬ ಪ್ರಶ್ನೆ ಹಾಗೇ ಇದೆ.

ಅಂಚುಟಿಪ್ಪಣಿ

ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದೀರಿ. ಈ ಆಕ್ಷೇಪಕ್ಕೆ ಉತ್ತರ ಮೂರನೆಯ ಭಾಗದಲ್ಲಿದೆ, ನಾಲ್ಕನೆಯದರಲ್ಲಿ ಹುಡುಕಿದರೆ ಸಿಗುವುದಿಲ್ಲ. ಅಲ್ಲಿ ಶಸ್ತ್ರಚಿಕಿತ್ಸಕನ ಮಾತು ಬರುತ್ತದೆ. ಹಿಂಸೆ ಕೊಡುವುದೇ ಖುಷಿ ಎಂಬವನಿಗೆ ಲಂಚ ಕೊಡಬಹುದು, ಅವನಿಗೆ ಬೇಜಾರಾಗಿ ಬಿಟ್ಟಾನು. ಆದರೆ ನಿಜವಾಗಿ ಒಳ್ಳೆಯ ಶಸ್ತ್ರಚಿಕಿತ್ಸಕ ಎಷ್ಟು ಬೇಡಿಕೊಂಡರೂ ನಡುವೆ ನಿಲ್ಲಿಸುವುದಿಲ್ಲ, ನಿಲ್ಲಿಸಿದರೆ ಅಲ್ಲಿಯವರೆಗಿನ ನೋವೆಲ್ಲ ವ್ಯರ್ಥ. ಇದರಲ್ಲಿ ಒಳ್ಳೆಯತನ ಎಂಬುದು ನಮಗೆ ಗೊತ್ತಿರುವ ಒಳ್ಳೆಯತನವೇ, 1940ರ ಷರತ್ತು ಮುರಿದಿಲ್ಲ. ಆಮೇಲೆ ಅವರು ಕವಲುದಾರಿಯನ್ನು ಹೀಗೆ ಇಡುತ್ತಾರೆ: ಈ ಯಾತನೆಗಳು ಬೇಕಿಲ್ಲದಿದ್ದರೂ ನಡೆಯುತ್ತಿದ್ದರೆ ದೇವರಿಲ್ಲ ಅಥವಾ ಕೆಟ್ಟವನು. ಒಳ್ಳೆಯ ದೇವರಿದ್ದರೆ ಇವು ಬೇಕಾದವೇ.

ಇದು ಗೆದ್ದ ವಾದ ಎಂದು ನಾನು ಹೇಳುವುದಿಲ್ಲ. ಯಾಕೆ ಬೇಕು ಎಂಬುದಕ್ಕೆ ಅವರು ಕೊಡುವ ಕಾರಣ, ತಮ್ಮ ನಂಬಿಕೆ ಇಸ್ಪೀಟಿನ ಎಲೆಗಳ ಮನೆಯಾಗಿತ್ತು, ಅದನ್ನು ಬೀಳಿಸಿ ತೋರಿಸಬೇಕಿತ್ತು ಎಂಬುದು, ತಮ್ಮ ಮಟ್ಟಿಗೆ ಹೊಂದಬಹುದು. ಸತ್ತವಳ ನೋವಿಗೆ ಅದು ಕಾರಣವಾಗಲಾರದು, ಆ ತೊಡಕು ಅವರಿಗೂ ಕಾಣುತ್ತದೆ. ಆದರೆ ಮೊದಲಿನ ಷರತ್ತು ಬಿಟ್ಟರು ಅನ್ನುವುದಕ್ಕೆ ಪಠ್ಯದಲ್ಲಿ ಆಧಾರ ಸಾಲದು.

ಹಳೆಪುಟ

ಆನ್ಸ್‌ಕಮ್ ವಿಷಯ ಹಾಗೇ ಉಳಿದುಬಿಟ್ಟಿತ್ತು. ಆ ಚರ್ಚೆ ನಡೆದದ್ದು 2 ಫೆಬ್ರವರಿ 1948ರಂದು ಕ್ರೈಸ್ತ ನಂಬಿಕೆಯ ಪರ ವಿರೋಧ ಚರ್ಚಿಸುತ್ತಿದ್ದ ಆಕ್ಸ್‌ಫರ್ಡಿನ ಸಾಕ್ರಟಿಕ್ ಕ್ಲಬ್ಬಿನಲ್ಲಿ. ಆನ್ಸ್‌ಕಮ್ ನಾಸ್ತಿಕರಲ್ಲ, ಶ್ರದ್ಧಾವಂತ ಕ್ಯಾಥೊಲಿಕ್. ಅವರು ಪ್ರಶ್ನಿಸಿದ್ದು 'ಮಿರಾಕಲ್ಸ್' ಪುಸ್ತಕದ ಮೂರನೇ ಅಧ್ಯಾಯದ ಒಂದು ವಾದವನ್ನು, ಕ್ರೈಸ್ತ ನಂಬಿಕೆಯನ್ನಲ್ಲ. ಲೂಯಿಸ್ ಆ ಅಧ್ಯಾಯವನ್ನು ಮತ್ತೆ ಬರೆದು ಶೀರ್ಷಿಕೆಯನ್ನೂ ಬದಲಿಸಿ 1960ರ ಆವೃತ್ತಿಯಲ್ಲಿ ಸೇರಿಸಿದರು. ಆ ತಿದ್ದುಪಡಿ ಲೂಯಿಸರ ಪ್ರಾಮಾಣಿಕತೆಯನ್ನು ತೋರಿಸುತ್ತದೆ ಎಂದು ಆನ್ಸ್‌ಕಮ್ ಅವರೇ ಆಮೇಲೆ ಬರೆದರು. ವಾದ ಬಿಟ್ಟು ಓಡಿದವರು ಹನ್ನೆರಡು ವರ್ಷ ಕಳೆದು ಅದೇ ವಾದವನ್ನು ತಿದ್ದಲು ಕೂರುವುದಿಲ್ಲ. 1954ರಲ್ಲಿ ಕೇಂಬ್ರಿಡ್ಜಿಗೆ ಹೊರಡುವವರೆಗೂ ಅದೇ ಕ್ಲಬ್ಬಿನ ಅಧ್ಯಕ್ಷರಾಗಿದ್ದರು. 1959ರ ಮೇ ತಿಂಗಳಲ್ಲಿ ಕೇಂಬ್ರಿಡ್ಜಿನ ವೆಸ್ಟ್‌ಕಾಟ್ ಹೌಸ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದವರ ಮುಂದೆ ನಿಂತು ಆಧುನಿಕ ಬೈಬಲ್ ವಿಮರ್ಶೆಯನ್ನು ಸಾಹಿತ್ಯ ವಿಮರ್ಶಕನ ಕಣ್ಣಿನಿಂದ ತರಾಟೆಗೆ ತೆಗೆದುಕೊಂಡರು.

ಹಳೆಯ ಪ್ರತಿ ಕೊಳ್ಳುವವರು ಎಚ್ಚರ: 'ಮಿರಾಕಲ್ಸ್' 1947ರ ಪಾಠವೋ 1960ರದೋ ಎಂದು ಮೂರನೇ ಅಧ್ಯಾಯದ ಶೀರ್ಷಿಕೆ ನೋಡಿ. 'ಸೆಲ್ಫ್ ಕಾಂಟ್ರಡಿಕ್ಷನ್' ಎಂದಿದ್ದರೆ ಹಳೆಯದು, 'ಕಾರ್ಡಿನಲ್ ಡಿಫಿಕಲ್ಟಿ' ಎಂದಿದ್ದರೆ ತಿದ್ದಿದ್ದು.

ಓದುವಹುಳು

ತುಂಬಾ ಉಪಕಾರವಾಯಿತು. ಕ್ಯಾಥೊಲಿಕ್ ಆದರು ಎಂಬ ಮಾತಿಗೆ ಏನು ಆಧಾರ? 'ಲೆಟರ್ಸ್ ಟು ಮಾಲ್ಕಮ್'ನಲ್ಲಿ ಸತ್ತವರಿಗಾಗಿ ಪ್ರಾರ್ಥಿಸುವ ಮಾತು ಬರುತ್ತದಂತೆ. ಆ ಪುಸ್ತಕ ಮರಣಶಯ್ಯೆಯಲ್ಲಿ ಬರೆದದ್ದೇ?

ಸಂಜೆಪ್ರಾರ್ಥನೆ

ಮರಣಶಯ್ಯೆಯದಲ್ಲ. 1963ರ ವಸಂತದಲ್ಲೇ ಬರೆದು ಮುಗಿಸಿದ್ದರು, ಹೃದಯಾಘಾತವಾದದ್ದು ಜುಲೈಯಲ್ಲಿ. ಅಚ್ಚಾದದ್ದು ಮಾತ್ರ ಅವರು ತೀರಿಕೊಂಡ ಮೇಲೆ, 1964ರ ಆರಂಭದಲ್ಲಿ. ಪ್ರಾರ್ಥನೆಯ ಬಗ್ಗೆ ಪುಸ್ತಕ ಬರೆಯುವ ಆಸೆ ಅವರಿಗೆ 1950ರ ದಶಕದ ಮೊದಲಿನಿಂದಲೂ ಇತ್ತು. ವೆರೋನಾದ ಪಾದ್ರಿ ಜೊವಾನಿ ಕಲಾಬ್ರಿಯಾ ಅವರಿಗೆ ಲ್ಯಾಟಿನ್‌ನಲ್ಲಿ ಬರೆದ ಪತ್ರಗಳಲ್ಲಿ ಅದರ ಮಾತಿದೆ. ಆಗ ಕೈಗೂಡಲಿಲ್ಲ. ಹತ್ತು ವರ್ಷದ ಮೇಲೆ ಮಾಲ್ಕಮ್ ಎಂಬ ಕಲ್ಪಿತ ಗೆಳೆಯನಿಗೆ ಬರೆದ 22 ಪತ್ರಗಳ ರೂಪ ಹೊಳೆದ ಮೇಲೆ ಸಲೀಸಾಯಿತು. ಮಾಲ್ಕಮ್ ನಿಜವಾದ ವ್ಯಕ್ತಿ ಎಂದುಕೊಂಡು ಅವನು ಯಾರು ಎಂದು ಹುಡುಕುವವರು ಈಗಲೂ ಇದ್ದಾರೆ, ಅದು ವ್ಯರ್ಥ ಶ್ರಮ.

ಕ್ಯಾಥೊಲಿಕ್ ಮಾತಿಗೆ ಆಧಾರವಾಗಿ ಮೂರು ಸಂಗತಿ ತೋರಿಸುತ್ತಾರೆ, ಮೂರೂ ನಿಜ. ಪಾದ್ರಿಯ ಬಳಿ ಪಾಪನಿವೇದನೆ ಮಾಡುತ್ತಿದ್ದರು. 20ನೇ ಪತ್ರದಲ್ಲಿ ಸತ್ತವರಿಗಾಗಿ ಪ್ರಾರ್ಥಿಸುತ್ತೇನೆ ಎನ್ನುತ್ತಾರೆ, ಸತ್ತ ಮೇಲೆ ಆತ್ಮ ಶುದ್ಧವಾಗುವ ಶುದ್ಧೀಕರಣ ಸ್ಥಳವನ್ನು ನಂಬುತ್ತೇನೆ ಎಂದೂ ಹೇಳುತ್ತಾರೆ. ಪ್ರಜ್ಞೆ ತಪ್ಪಿದ್ದಾಗ ಅಂತಿಮ ಅಭ್ಯಂಗ (ಸಾವಿನ ಅಂಚಿನಲ್ಲಿರುವವರಿಗೆ ಪಾದ್ರಿ ಎಣ್ಣೆ ಹಚ್ಚಿ ಪ್ರಾರ್ಥಿಸುವ ವಿಧಿ) ಪಡೆದಿದ್ದರು. ಆದರೆ ಪಾಪನಿವೇದನೆ ಶುರುವಾದದ್ದು 1940ರ ಕೊನೆಯಲ್ಲಿ, ಕೇಳುತ್ತಿದ್ದವರು ಕೌಲಿ ಫಾದರ್ಸ್ ಎಂಬ ಆಂಗ್ಲಿಕನ್ ಸನ್ಯಾಸಿ ಸಂಘದ ಫಾದರ್ ವಾಲ್ಟರ್ ಆಡಮ್ಸ್. ಅಭ್ಯಂಗ ಮಾಡಿದವರೂ ಆಂಗ್ಲಿಕನ್ ಪಾದ್ರಿಯೇ. ಶುದ್ಧೀಕರಣದ ಬಗ್ಗೆ ಬರೆಯುವಾಗಲೂ ಹದಿನಾರನೇ ಶತಮಾನದ ರೋಮನ್ ಬೋಧನೆಯನ್ನು ಬದಿಗಿಟ್ಟು, ಶಿಕ್ಷೆಯಾಗಿ ಅಲ್ಲ, ಸನ್ನಿಧಿಗೆ ಹೋಗುವ ಮುಂಚೆ ತೊಳೆದುಕೊಳ್ಳಬೇಕು ಎಂದು ಆತ್ಮವೇ ಬಯಸುವುದು ಎಂದು ವಿವರಿಸುತ್ತಾರೆ. ಇಂಗ್ಲೆಂಡ್ ಸಭೆಯೊಳಗೆ ಇಂಥ ನಂಬಿಕೆಗೆ ಜಾಗವಿದೆ. ಅವರು ಕೊನೆಯವರೆಗೂ ಹೆಡಿಂಗ್‌ಟನ್ ಕ್ವಾರಿಯ ಹೋಲಿ ಟ್ರಿನಿಟಿ ಚರ್ಚಿನವರು. ಭಾನುವಾರ ಬೆಳಗ್ಗೆ ಎಂಟರ ಪ್ರಭುಭೋಜನಕ್ಕೆ ಹೋಗುತ್ತಿದ್ದರು, ಆರ್ಗನ್ ಮತ್ತು ಹಾಡುಗಳ ಗಲಾಟೆ ಆಗ ಇರುತ್ತಿರಲಿಲ್ಲ ಎಂಬುದು ಒಂದು ಕಾರಣ. ಸಮಾಧಿಯೂ ಅಲ್ಲೇ.

ಪುಸ್ತಕದಿಂದ ಪ್ರಾರ್ಥನೆಯ ಅಭ್ಯಾಸದ ಬಗ್ಗೆ ಕೈಗೆ ಸಿಗುವ ಮಾತುಗಳು ಬಹಳ ಇವೆ. ಮುಖ್ಯ ಪ್ರಾರ್ಥನೆಯನ್ನು ಮಲಗುವ ಹೊತ್ತಿಗೆ ಉಳಿಸಿಕೊಳ್ಳಬೇಡಿ ಎನ್ನುತ್ತಾರೆ, ಆ ಹೊತ್ತಿಗೆ ಮನಸ್ಸು ನಿಲ್ಲುವುದೇ ಇಲ್ಲ. ತುಂಬಿದ ರೈಲಿನಲ್ಲಿ ಕೂತು ಮಾಡುವುದೇ ಎಷ್ಟೋ ವಾಸಿ. ಮಂಡಿಯೂರುವುದು ಒಳ್ಳೆಯದು, ಆದರೆ ಮಂಡಿಯೂರಿ ತೂಕಡಿಸುವುದಕ್ಕಿಂತ ಕೂತು ಎಚ್ಚರವಾಗಿರುವುದು ಮೇಲು. 5ನೇ ಪತ್ರದಲ್ಲಿ ಕರ್ತನ ಪ್ರಾರ್ಥನೆಯ ಒಂದೊಂದು ಸಾಲಿಗೂ ತಾವು ಒಳಗೊಳಗೆ ಯಾವ ಅರ್ಥ ಜೋಡಿಸಿಕೊಳ್ಳುತ್ತೇನೆ ಎಂದು ತೋರಿಸುತ್ತಾರೆ, ಮಾದರಿಯಾಗಿ ಇಟ್ಟುಕೊಳ್ಳಲು ಇದು ಬಹಳ ಒಳ್ಳೆಯದು. 8ನೆಯದರಲ್ಲಿ ಮಾಲ್ಕಮ್‌ನ ಮಗನಿಗೆ ಕಾಯಿಲೆ, ಅಲ್ಲಿ ಗೆತ್ಸೆಮನೆ ಮತ್ತೆ ಬರುತ್ತದೆ. ಆತಂಕ ಪಡುವುದು ನಂಬಿಕೆಯ ಕೊರತೆಯಲ್ಲ, ಅದೊಂದು ಸಂಕಟ, ಕ್ರಿಸ್ತನೂ ಪಟ್ಟದ್ದು ಎಂಬುದು ಆ ಪತ್ರದ ಜೀವ. ಹೆಂಡತಿಯನ್ನು ಕಳೆದುಕೊಂಡು ಮೂರು ವರ್ಷವೂ ಕಳೆಯದ ಮನುಷ್ಯ ಬರೆದದ್ದು ಎಂದು ನೆನಪಿಟ್ಟುಕೊಂಡು ಓದಿ. 21ನೆಯದರಲ್ಲಿ ಪ್ರಾರ್ಥನೆ ಎಷ್ಟೋ ಸಲ ಬೇಸರದ ಕೆಲಸ ಎಂದು ಮುಚ್ಚುಮರೆಯಿಲ್ಲದೆ ಒಪ್ಪುತ್ತಾರೆ. ದಿನಕ್ಕೆ ಒಂದೋ ಎರಡೋ ಪತ್ರ ಸಾಕು, ಒಟ್ಟಿಗೆ ನುಂಗಿದರೆ ಒಂದೂ ನಿಲ್ಲುವುದಿಲ್ಲ.

ಕೊನೆಯ ಎರಡು ವರ್ಷದ ಕಾಯಿಲೆಯ ವಿವರ ಕೂಡ ಇಲ್ಲಿ ಮುಖ್ಯ. 1961ರ ಜೂನ್‌ನಲ್ಲಿ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರಪಿಂಡಗಳು ಕೆಟ್ಟದ್ದು ಗೊತ್ತಾಯಿತು. ಆಪರೇಷನ್ ತಡೆದುಕೊಳ್ಳುವಷ್ಟು ಹೃದಯಕ್ಕೆ ಬಲವಿರಲಿಲ್ಲ. ಕ್ಯಾತಿಟರ್, ರಕ್ತ ಕೊಡಿಸುವುದು, ಪ್ರೋಟೀನ್ ಕಡಿಮೆಯಿರುವ ಊಟ, ಹೀಗೆ ನಡೆಯಿತು. ಎರಡು ಟರ್ಮ್ ಪಾಠ ತಪ್ಪಿ, 1962ರ ಏಪ್ರಿಲ್‌ನಲ್ಲಿ ಕೇಂಬ್ರಿಡ್ಜಿಗೆ ಮರಳಿದರು. 15 ಜುಲೈ 1963ರಂದು ಆಕ್ಲಂಡ್ ನರ್ಸಿಂಗ್ ಹೋಮ್‌ನಲ್ಲಿ ಹೃದಯಾಘಾತವಾಗಿ ಪ್ರಜ್ಞೆ ಹೋಯಿತು. ಮರುದಿನ ಅಭ್ಯಂಗವಾದ ಮೇಲೆ ಎಲ್ಲರ ನಿರೀಕ್ಷೆ ಮೀರಿ ಎಚ್ಚರಾದರು, ಎಚ್ಚರಾಗಿ ಟೀ ಕೇಳಿದರು. ಆಮೇಲೆ ಕೇಂಬ್ರಿಡ್ಜ್ ಪೀಠಕ್ಕೆ ರಾಜೀನಾಮೆ. 22 ನವೆಂಬರ್ 1963ರ ಸಂಜೆ ಸುಮಾರು ಐದೂವರೆಗೆ ಮನೆಯಲ್ಲೇ ತೀರಿಕೊಂಡರು, 65 ತುಂಬಲು ಒಂದು ವಾರ ಬಾಕಿಯಿತ್ತು. ಅದೇ ದಿನ, ಸುಮಾರು ಒಂದು ಗಂಟೆಯ ನಂತರ ಡಲ್ಲಾಸ್‌ನಲ್ಲಿ ಕೆನಡಿಯವರಿಗೆ ಗುಂಡು ಬಿತ್ತು. ಹಾಗಾಗಿ ಲೂಯಿಸರ ಸಾವು ಪತ್ರಿಕೆಗಳಲ್ಲಿ ಹೆಚ್ಚುಕಡಿಮೆ ಮುಚ್ಚಿಹೋಯಿತು.

ಹಳೆಪುಟ

ಸಂಜೆಪ್ರಾರ್ಥನೆ ಅವರ ಮಾತಿಗೆ ಪತ್ರಗಳನ್ನು ಸೇರಿಸುತ್ತೇನೆ, ಏಕೆಂದರೆ ಕೊನೆಯ ತಿಂಗಳುಗಳಿಗೆ ಅವಕ್ಕಿಂತ ಒಳ್ಳೆಯ ಸಾಕ್ಷ್ಯವಿಲ್ಲ. ಬಂದ ಪತ್ರಗಳಿಗೆ ಉತ್ತರ ಬರೆಯುವುದು ಅವರ ವ್ರತವಾಗಿತ್ತು. ವಾಲ್ಟರ್ ಹೂಪರ್ ಸಂಪಾದಿಸಿದ ಸಂಪೂರ್ಣ ಪತ್ರಗಳ ಮೂರನೇ ಸಂಪುಟ 1950ರಿಂದ 1963ರವರೆಗಿನದು, 1,700ಕ್ಕೂ ಹೆಚ್ಚು ಪುಟ. ಮೊದಲಿನಿಂದ ಹಿಡಿಯಬೇಡಿ, ಸೋತುಹೋಗುತ್ತೀರಿ. 1956ರ ಅಕ್ಟೋಬರಿನಿಂದ 1957ರ ಕೊನೆಯವರೆಗೆ ಒಂದು ಸಲ, 1960ರ ಜುಲೈಯಿಂದ ವರ್ಷದ ಕೊನೆಯವರೆಗೆ ಇನ್ನೊಂದು ಸಲ, 1963ರ ಜೂನ್‌ನಿಂದ ಕೊನೆಯ ಪುಟದವರೆಗೆ ಮತ್ತೊಂದು ಸಲ ಓದಿ. ಅಷ್ಟು ದೊಡ್ಡ ಸಂಪುಟ ಬೇಡವೆಂದರೆ 1967ರಲ್ಲಿ ಬಂದ 'ಲೆಟರ್ಸ್ ಟು ಆ್ಯನ್ ಅಮೆರಿಕನ್ ಲೇಡಿ' ಚಿಕ್ಕದು, ಒಬ್ಬರಿಗೇ ಬರೆದ ಪತ್ರಗಳು.

ಅದರಲ್ಲಿ 1963ರ ಜುಲೈ ಮೊದಲ ವಾರದ ಪತ್ರವೊಂದಿದೆ. ಬಾಲ್ಯವನ್ನು ಹಾಳುಗೆಡವಿದ ಕ್ರೂರಿ ಶಾಲಾಮಾಸ್ತರನನ್ನು ಕೊನೆಗೂ ಕ್ಷಮಿಸಿದ್ದೇನೆ ಎಂದು ಈಚೆಗೆ ಥಟ್ಟನೆ ಅರಿವಾಯಿತು, ವರ್ಷಗಟ್ಟಲೆ ಪ್ರಯತ್ನಿಸುತ್ತಲೇ ಇದ್ದೆ, ಆಯಿತು ಅಂದುಕೊಂಡಾಗಲೆಲ್ಲ ಮತ್ತೆ ಮೊದಲಿಗೇ ಬಂದು ನಿಲ್ಲುತ್ತಿತ್ತು, ಈ ಸಲ ನಿಜವಾಗಿ ಆಗಿದೆ ಎಂದು ಬರೆಯುತ್ತಾರೆ. ಅವರು ಆ ಶಾಲೆ ಸೇರಿದ್ದು 1908ರಲ್ಲಿ, ಪತ್ರ 1963ರದು. ಲೂಯಿಸರ ಕೊನೆಗಾಲದ ನಂಬಿಕೆ ಹೇಗಿತ್ತು ಎಂದು ಕೇಳುವವರಿಗೆ ನಾನು ಮೊದಲು ತೋರಿಸುವುದು ಈ ಪತ್ರವನ್ನೇ. ಐವತ್ತು ವರ್ಷದ ಗಾಯವನ್ನು ದೇವರ ಮುಂದೆ ದಿನಾ ಇಡುವುದು, ಫಲ ಕಾಣದಿದ್ದರೂ ಬಿಡದಿರುವುದು. 'ಮಿಯರ್ ಕ್ರಿಶ್ಚಿಯಾನಿಟಿ'ಯ ರೇಡಿಯೋ ಭಾಷಣಗಳಲ್ಲಿ ಕ್ಷಮೆಯ ಬಗ್ಗೆ ಹೇಳಿದ್ದನ್ನು ಅವರು ಇಪ್ಪತ್ತು ವರ್ಷ ತಮ್ಮ ಮೇಲೇ ಪ್ರಯೋಗ ಮಾಡುತ್ತಿದ್ದರು.

ಸೆಪ್ಟೆಂಬರಿನಲ್ಲಿ ಬಾಲ್ಯದ ಗೆಳೆಯ ಆರ್ಥರ್ ಗ್ರೀವ್ಸ್‌ಗೆ ಬರೆದ ಪತ್ರವನ್ನೂ ಜೊತೆಗಿಟ್ಟುಕೊಳ್ಳಿ. ಜುಲೈಯಲ್ಲಿ ನೋವಿಲ್ಲದೆ ಹೆಬ್ಬಾಗಿಲಿನವರೆಗೆ ಹೋಗಿದ್ದೆ, ಅದು ಮುಖಕ್ಕೆ ಮುಚ್ಚಿಕೊಂಡು ವಾಪಸ್ ಬರಬೇಕಾಯಿತಲ್ಲ, ಮುಂದೊಂದು ದಿನ ಇದೆಲ್ಲ ಮತ್ತೆ ಆಗಬೇಕು, ಪಾಪ ಲಾಜರ (ಬೈಬಲಿನಲ್ಲಿ ಸತ್ತು ಮತ್ತೆ ಬದುಕಿಬಂದವನು) ಎನ್ನುತ್ತಾರೆ. ಸಾವಿನ ಹೆದರಿಕೆ ಅಲ್ಲಿಲ್ಲ. ಗೆಳೆಯನನ್ನು ಈ ಬದುಕಿನಲ್ಲಿ ಮತ್ತೆ ನೋಡಲಾರೆನೆಂಬ ನೋವು ಮಾತ್ರ ಇದೆ.

ಅಂಚುಟಿಪ್ಪಣಿ

ಕೊನೆಗೆ ಉಲ್ಲೇಖಗಳ ಬಗ್ಗೆ ಒಂದು ಮಾತು. ಲೂಯಿಸ್ ಹೆಸರಿನಲ್ಲಿ ಓಡಾಡುವ ಚಿತ್ರಗಳ ಮೇಲಿನ ಸಾಲುಗಳಲ್ಲಿ ಎಷ್ಟೋ ಅವರವಲ್ಲ, ಅವರವಾದರೂ ಸಂದರ್ಭ ಕಳಚಿಕೊಂಡವು. ಪರೀಕ್ಷಿಸುವುದು ಸುಲಭ. ಸಾಲಿನ ಜೊತೆ ಪುಸ್ತಕ ಮತ್ತು ಅಧ್ಯಾಯ, ಅಥವಾ ಪತ್ರವಾದರೆ ತಾರೀಖು, ಇಲ್ಲದಿದ್ದರೆ ಬಳಸಬೇಡಿ. ಇದ್ದರೆ ಆ ಪುಟ ತೆಗೆದು ಹಿಂದಿನ ಮುಂದಿನ ಎರಡು ಪ್ಯಾರಾ ಓದಿ. 'ಸ್ಕ್ರೂಟೇಪ್ ಲೆಟರ್ಸ್'ನದಾದರೆ ಮಾತಾಡುತ್ತಿರುವುದು ಸೈತಾನನ ಕಡೆಯ ಪಾತ್ರ ಎಂದು ನೆನಪಿರಲಿ. 'ಎ ಗ್ರೀಫ್ ಅಬ್ಸರ್ವ್ಡ್'ನದಾದರೆ ಎಷ್ಟನೇ ಭಾಗ ಎಂದು ನೋಡಿ. ಒಂದು ಅಥವಾ ಎರಡನೆಯದಾದರೆ, ಅದೇ ವಿಷಯಕ್ಕೆ ಮೂರು ಮತ್ತು ನಾಲ್ಕರಲ್ಲಿ ಏನು ಹೇಳಿದ್ದಾರೆ ಎಂದು ನೋಡಿದ ಮೇಲೇ ಹಂಚಿ.

ಜೀವನಚರಿತ್ರೆ ಒಂದೇ ಓದುವುದಾದರೆ ಶಿಷ್ಯರೂ ಗೆಳೆಯರೂ ಆಗಿದ್ದ ಜಾರ್ಜ್ ಸೇಯರ್ ಬರೆದ 'ಜ್ಯಾಕ್' ಹತ್ತಿರದಿಂದ ಕಂಡದ್ದು. ಅಲಿಸ್ಟರ್ ಮೆಕ್‌ಗ್ರಾತ್ 2013ರಲ್ಲಿ ಬರೆದದ್ದು ಪತ್ರಗಳ ಸಂಪುಟಗಳೆಲ್ಲ ಹೊರಬಂದ ಮೇಲಿನದು, ತಾರೀಖುಗಳಿಗೆ ಅದನ್ನು ಹಿಡಿಯಿರಿ. ಎ. ಎನ್. ವಿಲ್ಸನ್ 1990ರದ್ದು ಓದಿಸಿಕೊಂಡು ಹೋಗುತ್ತದೆ, ಆದರೆ ಆನ್ಸ್‌ಕಮ್ ಚರ್ಚೆಗೂ ನಾರ್ನಿಯಾಕ್ಕೂ ಗಂಟುಹಾಕುವ ವಾದ ಜನಪ್ರಿಯವಾದದ್ದರಲ್ಲಿ ಅದರ ಪಾಲು ದೊಡ್ಡದು. ಅದನ್ನು ಮೂರನೆಯದಾಗಿ ಓದಿ.